ಮರವೇರುವವನಲ್ಲ ಅಪರಾಧಿ

ಶಿವಮೊಗ್ಗ, ಭದ್ರಾವತಿಗಳಲ್ಲಿ ಹಗ್ಗ, ಗರಗಸ, ಇಬ್ಬರು ಆಳುಗಳೊಡನೆ ಕೊಂಬೆ ಸವರಿ ಬದುಕುವವನನ್ನು ನಾವು ಹಸಿರಿನ ವೈರಿಯೆಂದು ಜರೆಯುತ್ತೇವೆ. ಇದು ಅನ್ಯಾಯ. 1923ರಿಂದ ಕಾಡಿನ ಇದ್ದಿಲನ್ನು ಉರಿಸಿ ಬೆಳೆದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಾತ್ರ ನಮಗೆ ಹೆಮ್ಮೆ!

ಮರದ ಬುಡಕ್ಕೆ ಕಾಂಕ್ರೀಟ್ ಸುರಿದು ಬೇರಿನ ಉಸಿರು ಕಟ್ಟಿಸುವವರು ನಾವು. ಬಿದ್ದೀತೆಂದು ಹೆದರಿ "ತಲೆಯನ್ನೇ ಸವರಿಬಿಡು" ಎನ್ನುವವರೂ ನಾವೇ. ಹಾಗೆ ಸವರಿದ ಗಾಯ ಕೊಳೆಯುತ್ತದೆ. ಅಲ್ಲಿ ಒಡೆದ ಚಿಗುರು ಕೊಂಬೆಯಾದರೂ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಕೊಂಬೆ ಕಾಂಡವನ್ನು ಸೇರುವೆಡೆಯ ಉಬ್ಬನ್ನುಳಿಸಿ ಕತ್ತರಿಸಿದರೆ ಮರವೇ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಆ ನಿಧಾನದ ಕೆಲಸಕ್ಕೆ ನಾವು ಚೌಕಾಸಿ ಮಾಡುತ್ತೇವೆ.

ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಏರುವವನ ಸೊಂಟಕ್ಕೆ ಸುರಕ್ಷತಾ ಪಟ್ಟಿಯಿದೆಯೇ ಎಂದು ಕೇಳುವವರು ಯಾರು? ಶಿಷ್ಯಮಿತ್ರರೇ, ಮರ ಉಳಿಯಬೇಕಾದರೆ ಅವನಿಗೆ ತರಬೇತಿ, ವಿಮೆ, ನ್ಯಾಯವಾದ ಕೂಲಿ ಸಲ್ಲಲೇಬೇಕು.