ಸ್ವೀಡಿಷ್ ಬಾರದವರಿಗೆ ಸ್ವೀಡಿಷೇ ಚೆಂದ

ನಮ್ಮದೊಂದು ಸಣ್ಣ ಗುಂಪಿದೆ. ಡೊಂಬಿವಲಿಯಿಂದ ನಾನು, ಕಲ್ಯಾಣದಿಂದ ಇಬ್ಬರು, ಠಾಣೆಯಿಂದ ಒಬ್ಬ, ನವಿ ಮುಂಬೈಯ ಐರೋಲಿಯಿಂದ ನನ್ನ ಅಕ್ಕನ ಮಗ. ಮೆಗಾಬ್ಲಾಕ್ ಇಲ್ಲದ ರವಿವಾರ ನೋಡಿಕೊಂಡು ಯಾರದಾದರೂ ಮನೆಯಲ್ಲಿ ಸೇರುತ್ತೇವೆ, ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತೇವೆ. ನಡುವೆ ಮಾತಾಡುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಮುಗಿದ ಮೇಲೆ ಚಹಾ, ವಡಾಪಾವ್, ಜಗಳ.

ಕಳೆದ ಸಲದ ಜಗಳ ಓಪೆತ್ ಎಂಬ ಸ್ವೀಡನ್ನಿನ ಬ್ಯಾಂಡಿನ ಒಂದು ಆಲ್ಬಮ್ಮಿನ ಬಗ್ಗೆ. ಅದು ಮುಗಿದು ವಾರಗಳಾದರೂ ನನ್ನ ತಲೆಯಿಂದ ಇಳಿದಿಲ್ಲ. ಅದು ಸಂಗೀತದ ಜಗಳವಾಗಿ ಶುರುವಾಗಿ ನನ್ನ ಕಸುಬಿನ ಜಗಳವಾಯಿತು, ಕೊನೆಗೆ ಮನೆಯ ಕನ್ನಡದ ಜಗಳವಾಗಿ ನಿಂತಿತು.

ಓಪೆತ್ ಹೆಸರು ಕೇಳದವರಿಗೆ ಎರಡು ಮಾತು. ಹೆವಿ ಮೆಟಲ್ಲಿನ ಗಿಟಾರಿನ ಭಾರಕ್ಕೆ ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕಿನ ಉದ್ದುದ್ದ ರಚನೆ, ನಡುನಡುವೆ ಬದಲಾಗುವ ತಾಳ, ಇಡೀ ಆಲ್ಬಮ್ಮಿನಲ್ಲಿ ಒಂದು ಕಥೆ ಹೇಳುವ ಹವ್ಯಾಸ ಸೇರಿದರೆ ಪ್ರೊಗ್ರೆಸಿವ್ ಮೆಟಲ್. ಸ್ಟಾಕ್‌ಹೋಮಿನ ಓಪೆತ್ ಇದರ ದೊಡ್ಡ ಹೆಸರುಗಳಲ್ಲಿ ಒಂದು. ಹಾಡುಗಾರ, ಗಿಟಾರ್‌ವಾದಕ, ರಚನಕಾರ ಎಲ್ಲವೂ ಮಿಕಾಯೆಲ್ ಓಕರ್‌ಫೆಲ್ಟ್. 2019ರ ಸೆಪ್ಟೆಂಬರಿನಲ್ಲಿ ಬಂದ ಅವರ 13ನೆಯ ಆಲ್ಬಮ್ ‘ಇನ್ ಕೌಡಾ ವೆನೇನಮ್’. ಲ್ಯಾಟಿನ್ ಮಾತು, ವಿಷ ಇರುವುದು ಬಾಲದಲ್ಲಿ ಎಂದರ್ಥ, ಚೇಳಿನ ಹಾಗೆ. ಓಕರ್‌ಫೆಲ್ಟ್ ಮೊದಲು ಹಾಡುಗಳನ್ನು ತನ್ನ ತಾಯ್ನುಡಿ ಸ್ವೀಡಿಷಿನಲ್ಲಿ ಬರೆದ. ಆಮೇಲೆ, ಲೋಕದ ಕೇಳುಗರಿಗೆ ಭಾಷೆ ಅಡ್ಡ ಬರಬಾರದೆಂದು, ಅವನ್ನೇ ಇಂಗ್ಲಿಷಿನಲ್ಲೂ ಹಾಡಿದ. ವಾದ್ಯಗಳು ಅವೇ, ರಾಗ ಅದೇ, ಕಂಠ ಅದೇ. ಬದಲಾದದ್ದು ಮಾತು ಮಾತ್ರ. ಎರಡೂ ಆವೃತ್ತಿಗಳು ಒಂದೇ ದಿನ ಬಂದವು.

ಒಬ್ಬ ಅನುವಾದಕನಿಗೋ ಅನುವಾದಕಿಗೋ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು. ಮೂಲವೂ ಅನುವಾದವೂ ಅಕ್ಕಪಕ್ಕ, ಇಬ್ಬರೂ ಬರಹಗಾರರು ಒಬ್ಬನೇ ವ್ಯಕ್ತಿ. ನಾವು ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದೆವು. ಐವರಲ್ಲಿ ಮೂವರು ಸ್ವೀಡಿಷೇ ಚೆಂದ ಎಂದರು. ಕಲ್ಯಾಣದ ಒಬ್ಬ ಗೆಳೆಯ ಮಾತ್ರ ಇಂಗ್ಲಿಷೇ ಚೆಂದ, ಲೋಕಲ್ಲಿನಲ್ಲಿ ನಿಂತು ಕೇಳುವಾಗ ಒಂದೆರಡು ಸಾಲಾದರೂ ತಲೆಗೆ ಹೋಗುತ್ತದೆ ಎಂದ. ಉಳಿದವರು ನಕ್ಕರು. ನಾನು ಮಾತಾಡಲಿಲ್ಲ. ನಮ್ಮ ಕೋಣೆಯಲ್ಲಿ ಸ್ವೀಡಿಷ್ ಬಲ್ಲವರು ಒಬ್ಬರೂ ಇರಲಿಲ್ಲ.

ಇದು ನಮ್ಮೈವರ ಹುಚ್ಚಲ್ಲ. ಈ ಆಲ್ಬಮ್ಮಿನ ವಿಷಯದಲ್ಲಿ ಜಗತ್ತಿನ ಬೇಕಾದಷ್ಟು ಅಭಿಮಾನಿಗಳ ಮಾತು ಇದೇ: ಒಂದು ಪದ ತಿಳಿಯದಿದ್ದರೂ ಸ್ವೀಡಿಷಿನದೇ ನಿಜವಾದದ್ದು. ಮೊದಲಿಗೆ ನನಗೆ ಸಿಟ್ಟು ಬಂತು. ಹತ್ತು ವರ್ಷದಿಂದ ಅನುವಾದ ಮಾಡಿ ಬದುಕುತ್ತಿರುವವಳು ನಾನು. ‘ಅನುವಾದ ಚೆನ್ನಾಗಿದೆ, ಆದರೆ ಮೂಲದ ಸೊಗಡು ಇಲ್ಲ’ ಎಂಬ ಮಾತನ್ನು ಮೂಲದ ಲಿಪಿಯನ್ನೂ ಗುರುತಿಸಲಾರದವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಅಕ್ಕನ ಮಗನ ಮೇಲೆ ಹರಿಹಾಯ್ದೆ. ಒಂದು ಅಕ್ಷರ ಗೊತ್ತಿಲ್ಲ, ಚೆಂದ ಅಂತ ಹೇಗೆ ಹೇಳ್ತೀಯ?

ಅವನಿಗೆ 22 ವರ್ಷ. ಹುಟ್ಟಿ ಬೆಳೆದದ್ದು ಐರೋಲಿ, ಓದಿದ್ದು ಇಂಗ್ಲಿಷ್ ಮಾಧ್ಯಮ, ಗೆಳೆಯರೊಂದಿಗೆ ಹಿಂದಿ ಮರಾಠಿ. ಕನ್ನಡ ಅಂದರೆ ಅಜ್ಜಿಯ ಕುಂದಾಪ್ರ ಕನ್ನಡ, ಅದೂ ಊಟ ತಿಂಡಿ ಬೈಗುಳದ ಮಟ್ಟಿಗೆ. ಓದಲು ಬರುವುದಿಲ್ಲ. ಆದರೆ ಅವನ ಫೋನಿನಲ್ಲಿ ಓಪೆತ್ ಪಕ್ಕದಲ್ಲೇ ಕಾಳಿಂಗ ನಾವಡರ ಯಕ್ಷಗಾನದ ಪದ್ಯಗಳಿವೆ. ಅವನು ಶಾಂತವಾಗಿ ಹೇಳಿದ: “ನಾವಡರ ಪದ್ಯವೂ ನಂಗೆ ಅರ್ಧ ತಿಳಿಯುದಿಲ್ಲ, ಚಿಕ್ಕಿ. ಹಾಗಂತ ಅದನ್ನ ಹಿಂದೀಲಿ ಕೇಳುದಾ?”

ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಅಭಿಮಾನಿಗಳು ಎಲ್ಲಿ ಸರಿ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಸ್ವೀಡಿಷಿನಲ್ಲಿ ಸ್ವರದ ಉದ್ದ, ವ್ಯಂಜನದ ಒತ್ತು ಅರ್ಥವನ್ನೇ ಬದಲಿಸುತ್ತವೆ. ‘ಗ್ಲಾಸ್’ ಎಂದು ಸ್ವರ ಎಳೆದರೆ ಗಾಜು. ‘ಗ್ಲಸ್ಸ್’ ಎಂದು ಸ್ವರ ಮೊಟಕಿಸಿ ವ್ಯಂಜನ ಒತ್ತಿದರೆ ಐಸ್‌ಕ್ರೀಮು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿ, ಕಾಡಿ, ಕಡ್ಡಿ ಮೂರೂ ಬೇರೆಬೇರೆ ಎಂದು ಬಾಲವಾಡಿಗೆ ಹೋಗುವ ಮುಂಚೆಯೇ ನಮ್ಮ ಕಿವಿಗೆ ಗೊತ್ತು. ಓಕರ್‌ಫೆಲ್ಟ್ ಈ ಹಾಡುಗಳ ಗಾಯನವನ್ನು ಕಟ್ಟಿದ್ದು ಸ್ವೀಡಿಷ್ ಮಾತಿನ ಎಳೆತ ಒತ್ತುಗಳ ಅಳತೆಗೆ. ಇಂಗ್ಲಿಷ್ ಮಾತು ಆಮೇಲೆ ಬಂದು ಸೇರಿತು, ಬೇರೆಯವರು ಕಟ್ಟಿಸಿದ ಮನೆಗೆ ಬಾಡಿಗೆಗೆ ಬಂದವರ ಹಾಗೆ. ಕೆಲವು ಕಡೆ ಸಾಮಾನು ಸರಿಯಾಗಿ ಕೂತಿದೆ, ಕೆಲವು ಕಡೆ ಕಪಾಟು ಬಾಗಿಲಿಗೆ ಅಡ್ಡ ಬರುತ್ತದೆ. ಅದನ್ನು ಗುರುತಿಸಲು ನಿಘಂಟು ಬೇಡ, ಕಿವಿ ಸಾಕು.

ಇನ್ನೊಂದು ಮಾತು. ಅರ್ಥ ತಿಳಿಯದೆ ದನಿಯನ್ನು ಮೆಚ್ಚುವುದರಲ್ಲಿ ಮೆಟಲ್ ಅಭಿಮಾನಿಗಳು ಪಳಗಿದವರು. 2008ರ ‘ವಾಟರ್‌ಶೆಡ್’ ಆಲ್ಬಮ್ಮಿನವರೆಗೂ ಓಪೆತ್ ಹಾಡುಗಳಲ್ಲಿ ಗ್ರೌಲ್ ಇತ್ತು. ಗಂಟಲಾಳದಿಂದ ಬರುವ ಆ ಗುಡುಗಿನಲ್ಲಿ ಪದಗಳು ಇಂಗ್ಲಿಷಿನವಾದರೂ ಕೇಳಿಸುವುದು ಕಷ್ಟ. ಯಕ್ಷಗಾನದಲ್ಲಿ ಬಣ್ಣದ ವೇಷ ಪರದೆಯ ಹಿಂದಿನಿಂದ ಅಬ್ಬರಿಸುತ್ತದಲ್ಲ, ಅದರಲ್ಲಿ ಯಾರಾದರೂ ಪದ ಹುಡುಕುತ್ತಾರೆಯೇ? 2011ರ ‘ಹೆರಿಟೇಜ್’ನಲ್ಲಿ ಬ್ಯಾಂಡು ಗ್ರೌಲನ್ನು ಕೈಬಿಟ್ಟಾಗ ಅಭಿಮಾನಿಗಳಲ್ಲಿ ಎರಡು ಪಂಗಡವಾಯಿತು. 2024ರ ‘ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ ಅದು ಮರಳಿದಾಗ ಒಂದು ಪಂಗಡಕ್ಕೆ ಹಬ್ಬ. ಅಷ್ಟೂ ವರ್ಷ ಅವರು ಕಳೆದುಕೊಂಡೆವೆಂದು ಕೊರಗಿದ್ದು ಮಾತನ್ನಲ್ಲ, ದನಿಯನ್ನು.

ಈಗ ಅವರು ಎಲ್ಲಿ ತಪ್ಪು ಎಂಬುದು. ಮೂಲವೇ ಚೆಂದ ಎಂದು ಹೇಳಿ ಅಲ್ಲಿಗೇ ನಿಂತವರಿಗೆ ಇನ್ನೊಂದು ಆವೃತ್ತಿ ಬರೀ ನಕಲಾಗಿ ಕಾಣುತ್ತದೆ. ಹಾಡುಗಳ ಹೆಸರನ್ನಷ್ಟೇ ನೋಡಿ. ಎರಡನೆಯ ಹಾಡಿನ ಸ್ವೀಡಿಷ್ ಹೆಸರಿನ ಅರ್ಥ ‘ವಂಚನೆಯ ರಾಜಕುಮಾರ’. ಇಂಗ್ಲಿಷಿನಲ್ಲಿ ಅದು ‘ಡಿಗ್ನಿಟಿ’, ಅಂದರೆ ಘನತೆ. ಸ್ವೀಡಿಷಿನಲ್ಲಿ ‘ನೆನಪಿನ ಮೇಲ್ಮೈ’ ಎಂಬ ಹಾಡು ಇಂಗ್ಲಿಷಿನಲ್ಲಿ ‘ಲವ್‌ಲಾರ್ನ್ ಕ್ರೈಮ್’, ಪ್ರೇಮಭಗ್ನರ ಅಪರಾಧ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಏಳನೆಯದು. ಸ್ವೀಡಿಷಿನಲ್ಲಿ ‘ಯಾವ ಸತ್ಯವೂ ಎಲ್ಲರದಲ್ಲ’. ಇಂಗ್ಲಿಷಿನಲ್ಲಿ ‘ಯೂನಿವರ್ಸಲ್ ಟ್ರುತ್’, ಎಲ್ಲರ ಸತ್ಯ! ಹೆಸರು ತಲೆಕೆಳಗಾಗಿದೆ. ಒಂದು ಇನ್ನೊಂದನ್ನು ಅಣಕಿಸುತ್ತಿದೆಯೋ, ವಾದಕ್ಕೆ ನಿಂತಿದೆಯೋ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ. ನಾನು ಯಾವುದೇ ಲೇಖಕರ ಕೃತಿಗೆ ಇಂಥ ಹೆಸರಿಟ್ಟರೆ ಪ್ರಕಾಶಕರು ಮರುದಿನವೇ ಫೋನ್ ಮಾಡುತ್ತಾರೆ. ಬರೆದವನೇ ಅನುವಾದಿಸಿದಾಗ ಸಿಗುವ ಸ್ವಾತಂತ್ರ್ಯ ಇದು. ಇಂಗ್ಲಿಷಿನದು ಎರಡನೆಯ ಬರಹ. ಸ್ವೀಡಿಷ್ ಮಾತ್ರ ಸಾಕೆಂದವರು ಅರ್ಧ ಆಲ್ಬಮ್ಮನ್ನು ಬಿಟ್ಟುಕೊಟ್ಟ ಹಾಗೆ.

ಅಷ್ಟಲ್ಲದೆ, ಸ್ವೀಡಿಷೇ ಚೆಂದ ಎಂದ ನಮ್ಮ ಮೂವರನ್ನೂ ಕೆದಕಿ ಕೇಳಿದೆ. ಮೂವರೂ ಎಂದಾದರೊಮ್ಮೆ ಇಂಗ್ಲಿಷ್ ಸಾಹಿತ್ಯವನ್ನು ಓದಿದ್ದರು. ಯಾವ ಹಾಡು ಸಾವಿನದು, ಯಾವುದು ಮೋಸದ್ದು ಎಂಬ ಅಂದಾಜು ಅವರಿಗಿತ್ತು. ಆ ಅಂದಾಜನ್ನು ಇಟ್ಟುಕೊಂಡೇ ಅವರು ಸ್ವೀಡಿಷಿಗೆ ತಲೆದೂಗುತ್ತಿದ್ದದ್ದು. ಅವರ ಕಿವಿಯಲ್ಲಿ ಅನುವಾದ ಸದ್ದಿಲ್ಲದೆ ಕೆಲಸ ಮಾಡಿತ್ತು. ಕೆಲಸ ಮುಗಿದ ಮೇಲೆ ಕೂಲಿಯವರನ್ನು ಮರೆಯುವುದು ಲೋಕರೂಢಿ, ಬಿಡಿ.

ಇಷ್ಟು ಹೇಳಿದ ಮೇಲೂ ಅಕ್ಕನ ಮಗನ ಪ್ರಶ್ನೆ ಹಾಗೇ ಇತ್ತು. ದೀಪಾವಳಿಯ ಬೆಳಿಗ್ಗೆ ಡೊಂಬಿವಲಿಯ ಫಡ್ಕೆ ರಸ್ತೆಗೆ ಬಂದಿದ್ದರೆ ನಿಮಗೆ ಗೊತ್ತು: ಹೊಸ ಬಟ್ಟೆ ತೊಟ್ಟ ಹುಡುಗ ಹುಡುಗಿಯರಿಂದ ರಸ್ತೆಯೇ ಕಾಣುವುದಿಲ್ಲ. ಆ ದಿನಗಳಲ್ಲಿ ಊರೂರಲ್ಲಿ ‘ದಿವಾಳಿ ಪಹಾಟ್’ ಎಂಬ ಮುಂಜಾವಿನ ಕಚೇರಿಗಳು ನಡೆಯುತ್ತವೆ. ಮರಾಠಿ ಗಾಯಕರು ಅಲ್ಲಿ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಎತ್ತಿಕೊಂಡರೆ ಸಭೆ ಹಿಗ್ಗುತ್ತದೆ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ಆ ದಾಸರ ಪದವನ್ನು ಮರಾಠಿ ಮನೆಗಳಿಗೆ ತಲುಪಿಸಿದ್ದು ಅನುವಾದದಿಂದಲ್ಲ, ಕಂಠದಿಂದ. ನಮ್ಮ ಕಟ್ಟಡದ ಕೆಳಮನೆಯ ಆಜಿಗೆ ಕನ್ನಡದ ಬೇರೆ ಪದ ಬಾರದು, ಈ ಹಾಡು ಬರುತ್ತದೆ. ಅವರ ಮುಂದೆ ನಿಂತು ‘ಅರ್ಥ ಗೊತ್ತಿಲ್ಲದೆ ಚೆಂದ ಅಂತ ಹೇಗೆ ಹೇಳ್ತೀರಿ’ ಎಂದು ಕೇಳುವ ಧೈರ್ಯ ನನಗೆ ಇಲ್ಲ. ನಾವು ಕನ್ನಡಿಗರಾದರೂ ತ್ಯಾಗರಾಜರ ತೆಲುಗನ್ನು ಪದ ಬಿಡಿಸಿಕೊಂಡು ಕೇಳಿದವರೇ?

ಪುಣೆಯ ಉಮಾ ಕುಲಕರ್ಣಿಯವರ ಕೆಲಸ ಇಲ್ಲಿ ನೆನಪಾಗುತ್ತದೆ. ಭೈರಪ್ಪನವರ ಕಾದಂಬರಿಗಳನ್ನು ಮರಾಠಿ ಓದುಗರು ತಮ್ಮವೇ ಎನ್ನುವ ಹಾಗೆ ಮಾಡಿದವರು ಅವರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು, ಇವರು ಅದನ್ನು ಕೇಳುತ್ತ ಮರಾಠಿಗೆ ಬರೆಯುತ್ತಿದ್ದರು. ಪುಟದಿಂದ ಪುಟಕ್ಕೆ ನೇರವಾಗಿ ಹೋಗದೆ ಕಿವಿಯ ದಾರಿಯಲ್ಲಿ ಹೋದ ಅನುವಾದ ಅದು. ದನಿ ಒಂದು ಕಡೆ, ಅರ್ಥ ಇನ್ನೊಂದು ಕಡೆ ಎಂದು ನಾನು ಗೆರೆ ಎಳೆದುಕೊಂಡು ಕೂತಿದ್ದೆ. ಅವರ ಮನೆಯಲ್ಲಿ ಆ ಗೆರೆಯೇ ಇರಲಿಲ್ಲ.

ನಮ್ಮ ಈ ಊರುಗಳಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ಠಾಕುರ್ಲಿಯಲ್ಲಿ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜೇ ಇದೆ. ಯಕ್ಷಗಾನ, ತಾಳಮದ್ದಲೆ, ಭಜನೆ ನಡೆಯುತ್ತಲೇ ಇರುತ್ತವೆ. ಮುಂದಿನ ಸಾಲಿನಲ್ಲಿ ಬಿಳಿ ತಲೆಗಳು, ಹಿಂದೆ ಫೋನ್ ಹಿಡಿದ ಮಕ್ಕಳು. ಮಕ್ಕಳಿಗಾಗಿ ನಾವು ಮಾಡುವುದು ಎರಡೇ. ಒಂದೋ, ಅವರಿಗೆ ಅರ್ಥವಾಗುವುದಿಲ್ಲವೆಂದು ನಿರೂಪಣೆಯನ್ನು ಹಿಂದಿಗೋ ಇಂಗ್ಲಿಷಿಗೋ ತಿರುಗಿಸುತ್ತೇವೆ. ಇಲ್ಲವೇ, ಕನ್ನಡ ಬಾರದವರು ಎಂಥ ಕನ್ನಡಿಗರು ಎಂದು ಮುಖ ತಿರುಗಿಸುತ್ತೇವೆ. ಎರಡರಲ್ಲೂ ನಾನಿದ್ದೇನೆ. ಮೊದಲನೆಯದು ಮಕ್ಕಳಿಂದ ದನಿಯನ್ನು ಕಸಿಯುತ್ತದೆ. ಎರಡನೆಯದು ದನಿಯನ್ನಷ್ಟೇ ಹಿಡಿದುಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಓಪೆತ್ ಮಾಡಿದ್ದು ಮೂರನೆಯದು. ತನ್ನ ಭಾಷೆಯಲ್ಲಿ ಹಾಡಿತು, ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟಿತು. ಕೇಳುವವರು ಎಲ್ಲಿಂದ ಬೇಕಾದರೂ ಒಳಗೆ ಬರಬಹುದು. ನಮ್ಮ ಸಂಘಗಳಿಗೂ ಇದು ಆಗದ ಕೆಲಸವಲ್ಲ. ಪದ್ಯ ಕನ್ನಡದಲ್ಲೇ ಇರಲಿ. ಕೈಗೊಂದು ಹಾಳೆ ಕೊಡಿ. ಅದರಲ್ಲಿ ಪದ್ಯದ ಸಾಲುಗಳು ಮಕ್ಕಳು ಓದಬಲ್ಲ ದೇವನಾಗರಿಯಲ್ಲಿ, ಕೆಳಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅರ್ಥ. ಕನ್ನಡವನ್ನು ದೇವನಾಗರಿಯಲ್ಲಿ ಬರೆಯುವುದೇ ಎಂದು ಕೆಲವರಿಗೆ ಕಸಿವಿಸಿಯಾಗಬಹುದು, ನನಗೂ ಆಯಿತು. ಆದರೆ ಲಿಪಿ ಕಲಿತ ಮೇಲೆ ಕನ್ನಡ ಕೊಡುತ್ತೇವೆಂದು ಕಾದರೆ ಈ ಮಕ್ಕಳ ತಲೆಯೂ ಬೆಳ್ಳಗಾಗುತ್ತದೆ.

ನಾನು ಮೊದಲು ಮನೆಯಲ್ಲೇ ಮಾಡಿ ನೋಡಿದೆ. ನಾವಡರು ಹಾಡಿದ ಹತ್ತು ಪದ್ಯಗಳನ್ನು ಹೀಗೆ ಬರೆದು ಅಕ್ಕನ ಮಗನಿಗೆ ಕಳಿಸಿದೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ರಾತ್ರಿ ಫೋನು. ಒಂದು ಪದ್ಯವನ್ನು ಅವನು ಇಷ್ಟು ವರ್ಷ ಯುದ್ಧದ್ದು ಎಂದುಕೊಂಡಿದ್ದನಂತೆ, ಜಿಮ್ಮಿನಲ್ಲಿ ಅದನ್ನೇ ಹಾಕಿಕೊಳ್ಳುತ್ತಿದ್ದನಂತೆ. ನೋಡಿದರೆ ಗಂಡನನ್ನು ಕಳೆದುಕೊಂಡವಳ ಅಳು. “ಇನ್ನು ಅದನ್ನ ಜಿಮ್ಮಲ್ಲಿ ಹಾಕುಕೆ ಆಗುದಿಲ್ಲ” ಎಂದ. ದನಿಯಲ್ಲಿ ದೂರಿತ್ತು. ಒಂದು ಚೆಂದವನ್ನು ನಾನು ಅವನಿಂದ ಕಿತ್ತುಕೊಂಡಿದ್ದೆ. ಅರ್ಥ ಹೇಳುವವರು ಈ ನಷ್ಟವನ್ನೂ ಒಪ್ಪಿಕೊಳ್ಳಬೇಕು. ಆಮೇಲೆ ಅವನೇ ಕೇಳಿದ: ಆ ಹೆಂಗಸಿಗೆ ಮುಂದೆ ಏನಾಯಿತು? ಅರ್ಧ ಗಂಟೆ ಪ್ರಸಂಗದ ಕಥೆ ಹೇಳಿದೆ. ಕನ್ನಡದಲ್ಲೇ ಹೇಳಿದೆ. ನಡುವೆ ಮೂರು ಕಡೆ ತಡೆದು ಪದದ ಅರ್ಥ ಕೇಳಿದ.

ದನಿಯನ್ನು ಮೆಚ್ಚಿದವರನ್ನು ಅನುಮಾನಿಸುವುದನ್ನು ನಾನು ಬಿಟ್ಟಿದ್ದೇನೆ. ಆದರೆ ಮೆಚ್ಚಿ ಅಲ್ಲೇ ಕೂತವರನ್ನು ಎಬ್ಬಿಸುವುದನ್ನು ಬಿಡುವುದಿಲ್ಲ. ಮುಂದೆ ಏನಾಯಿತು ಎಂದು ಕೇಳದ ಅಭಿಮಾನ ನವೆಂಬರಿನ ಬಾವುಟದಷ್ಟೇ, ಡಿಸೆಂಬರಿಗೆ ಮಡಿಚಿ ಇಡುತ್ತಾರೆ. ನೀವು ಈ ಆಲ್ಬಮ್ ಕೇಳುವುದಾದರೆ ನನ್ನ ಸಲಹೆ ಇಷ್ಟು: ಮೊದಲು ಸ್ವೀಡಿಷ್ ಕೇಳಿ. ಆಮೇಲೆ ಸಾಹಿತ್ಯ ಕೈಯಲ್ಲಿ ಹಿಡಿದು ಇಂಗ್ಲಿಷ್. ಕೊನೆಗೆ ಮತ್ತೆ ಸ್ವೀಡಿಷ್. ಮೂರು ಸಲ ಸೇರಿ ಮೂರು ಗಂಟೆ ದಾಟುತ್ತದೆ. ಡೊಂಬಿವಲಿಯಿಂದ ವಿಟಿಗೆ ಹೋಗಿಬರುವುದರಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ.

ಮುಂದಿನ ರವಿವಾರ ಕಲ್ಯಾಣದ ಗೆಳೆಯನ ಮನೆಯಲ್ಲಿ ಸೇರುತ್ತಿದ್ದೇವೆ, ಇಂಗ್ಲಿಷೇ ಚೆಂದ ಎಂದು ನಗೆಗೀಡಾದವನ ಮನೆ. ಅಂದು ಅವನ ಪರವಾಗಿ ಒಂದು ಮಾತೂ ಆಡದೆ ಕೂತ ಅನುವಾದಕಿ ನಾನು. ಈ ಸಲ ವಡಾಪಾವಿನ ಖರ್ಚು ನನ್ನದು.