ಕಡವಿಗೆ ಬೇಲಿ ಬೇಡ, ನಿಯಮ ಬೇಕು



ಮುಂದಿನ ಗ್ರಾಮಸಭೆಗೆ ನಮ್ಮ ಕಡವಿನ ವಿಷಯ ಬರ್ತಾ ಇದೆ. ದಡದ ಪಕ್ಕ ಹೋಂಸ್ಟೇ ಮಾಡಿದವರು ಕಡವಲ್ಲೇ ಜೆಟ್ಟಿ ಹಾಕಿ ಕೊಡ್ತೀವಿ, ಊರವರೂ ದೋಣಿ ಕಟ್ಟಿಕೊಳ್ಳಲಿ ಅಂತಿದ್ದಾರೆ. ನಮ್ಮಲ್ಲಿ ಕೆಲವರು ಪ್ರವಾಸಿ ದೋಣಿ ಒಂದೂ ಬರಬಾರದು ಅಂತಾರೆ. ಎರಡೂ ನನಗೆ ಸರಿ ಕಾಣಲ್ಲ.

ಮೊದಲು ಒಂದು ಮಾತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯ್ತಲ್ಲ, ಇನ್ನು ಕಡವು ಯಾಕೆ ಅಂತ ಕೇಳೋರಿದ್ದಾರೆ. ಸೇತುವೆ ಬಂದಿದ್ದು ಒಳ್ಳೇದೇ. ಆದ್ರೆ ಅದು ಇರೋದು ಒಂದು ಕಡೆ, ಹಿನ್ನೀರಿನ ಕವಲು ನೂರಾರು. ಮುಳುಗಡೆಯಲ್ಲಿ ಊರು ಹೋಗಿ, ಆಚೆ ದಡದಲ್ಲಿ ಒಂದು ತುಂಡು ತೋಟ ಉಳಿದ ಮನೆಗಳಿಗೆ ಗೊಬ್ಬರ, ಸೊಪ್ಪು, ಕೊಯ್ದ ಅಡಿಕೆ ಎಲ್ಲಾ ಇವತ್ತಿಗೂ ದೋಣಿಯಲ್ಲೇ ದಾಟಬೇಕು. ರಸ್ತೆಯಲ್ಲಿ ಸುತ್ತಿ ತಂದ್ರೆ ಬಾಡಿಗೆಗೇ ಫಸಲು ಸರಿಹೋಗುತ್ತೆ.

ಈಗ ಜೆಟ್ಟಿ ವಿಷಯ. ಲಿಂಗನಮಕ್ಕಿಯ ತುಂಬು ಮಟ್ಟ 1819 ಅಡಿ. ಬೇಸಿಗೆ ಕೊನೆಗೆ 1750ಕ್ಕಿಂತ ಕೆಳಗೆ ಹೋದ ವರ್ಷಗಳನ್ನ ನಾವೇ ನೋಡಿದ್ದೀವಿ. 2023ರಲ್ಲಿ ನೀರು ಸಾಲದೆ ಹಸಿರುಮಕ್ಕಿ ಲಾಂಚ್ ನಿಂತಿದ್ದು ನೆನಪಿರಬೇಕು. ಅಂದ್ರೆ ನಮ್ಮ ಕಡವು ಒಂದೇ ಜಾಗದಲ್ಲಿ ಇರಲ್ಲ. ಮಳೆಗಾಲದಲ್ಲಿ ತೋಟದ ಅಂಚಿಗೆ ಬರುತ್ತೆ, ಮೇ ತಿಂಗಳಲ್ಲಿ ದೂರದ ಕೆಸರಿನಾಚೆಗೆ ಹೋಗುತ್ತೆ. ದೋಣಿ ಬೇರೆ ಕಡೆ ಹತ್ತಿಸೋಣ ಅಂದ್ರೆ, 1964ರಲ್ಲಿ ಅಣೆಕಟ್ಟು ಆದಾಗ ಮುಳುಗಿದ ಮರಗಳ ಬೊಡ್ಡೆ ಇನ್ನೂ ನೀರೊಳಗೆ ನಿಂತಿವೆ. ಬಡಿದ್ರೆ ಹಲಗೆ ಸೀಳುತ್ತೆ. ಬೊಡ್ಡೆ ಇಲ್ಲದ ದಾರಿ ನಮಗಿರೋದು ಅದೊಂದೇ. ಆ ದಾರಿ ಮಧ್ಯೆ ಕಾಂಕ್ರೀಟ್ ಕಂಬ ನೆಟ್ರೆ ಅವರಿಗೆ ಉಪಯೋಗ ಎರಡು ಮೂರು ತಿಂಗಳು, ನಮಗೆ ತೊಂದರೆ ವರ್ಷಪೂರ್ತಿ.

ಹಾಗಂತ ಪ್ರವಾಸಿ ದೋಣಿ ಪೂರ್ತಿ ನಿಲ್ಲಿಸಿ ಅನ್ನೋದೂ ತಪ್ಪು. ನಮ್ಮ ಹುಡುಗರೇ ಅದರಲ್ಲಿ ಕೆಲಸಕ್ಕಿದ್ದಾರೆ. ಕಡವು ಹಾಳು ಮಾಡೋದರಲ್ಲಿ ಊರವರದ್ದೂ ಪಾಲಿದೆ. ಒಡೆದ ತೆಪ್ಪ ಅಲ್ಲೇ ಬಿಟ್ಟು ಹೋಗೋರು, ದಾರಿಗೆ ಅಡ್ಡ ಬಲೆ ಬಿಡೋರು ಹೊರಗಿನವರಲ್ಲ.

ಸಭೆಯಲ್ಲಿ ನಾನು ಇಷ್ಟು ಕೇಳ್ತೀನಿ:

1. ಕಡವು ಅಂದ್ರೆ ತುಂಬು ಮಟ್ಟದಿಂದ ಬೇಸಿಗೆ ನೀರಿನವರೆಗಿನ ಪೂರ್ತಿ ಪಟ್ಟಿ ಅಂತ ನಕ್ಷೆಯಲ್ಲಿ ಬರೀಬೇಕು, ಅಗಲ 40 ಅಡಿ. ಅದರೊಳಗೆ ಬೇಲಿ, ಕಾಂಕ್ರೀಟ್, ಗೇಟು ಏನೂ ಕೂಡದು. ಜೆಟ್ಟಿ ಬೇಕಾದವರು ಪಟ್ಟಿಯ ಪಕ್ಕದಲ್ಲಿ, ನೀರಿನ ಜೊತೆ ಏರಿ ಇಳಿಯೋ ತೇಲು ಜೆಟ್ಟಿ ಹಾಕಲಿ.

2. ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 6 ಸಾಮಾನಿನ ದೋಣಿಗೆ ಮೊದಲ ಹಕ್ಕು. ಕಾಯಿಲೆಯವರಿಗೆ ಯಾವ ಹೊತ್ತಾದ್ರೂ ಸರಿ.

3. ಕಡವಿನ ಹತ್ತಿರ ಎಂಜಿನ್ ದೋಣಿ ನಿಧಾನ ಬರಬೇಕು. ಅದರ ಅಲೆಗೆ ಮೂಟೆ ತುಂಬಿದ ತೆಪ್ಪ ಮಗುಚುತ್ತೆ. ಲೈಫ್ ಜಾಕೆಟ್ ಪ್ರವಾಸಿಗಳಿಗೆ ಮಾತ್ರ ಅಲ್ಲ, ನಮಗೂ ಕಡ್ಡಾಯ ಆಗಲಿ. ಈಜು ಬರುತ್ತೆ ಅನ್ನೋ ಧೈರ್ಯ ಗಾಳಿ ಎದ್ದಾಗ ಕೆಲಸಕ್ಕೆ ಬರಲ್ಲ.

4. ದುಡಿಮೆಯ ದೋಣಿಗೆ ವರ್ಷಕ್ಕೊಂದು ಶುಲ್ಕ, ಹುಟ್ಟು ಹಾಕೋ ದೋಣಿಗೆ ಶುಲ್ಕ ಇಲ್ಲ, ಅದರ ಬದಲು ಮನೆಗೊಂದು ಆಳಿನ ಶ್ರಮದಾನ. ನೀರು ಇಳಿದಾಗ ಅನುಮತಿ ತಗೊಂಡು ಬೊಡ್ಡೆ ತೆಗೆಯೋಣ. ಲೆಕ್ಕ ಪಂಚಾಯ್ತಿ ಬೋರ್ಡಿಗೆ ಹಾಕಲಿ.

ಪಂಚಾಯ್ತಿಗೆ ಅಧಿಕಾರ ಎಲ್ಲಿದೆ ಅಂತೀರಾ? ಮುಳುಗಡೆ ಜಾಗ ಪಂಚಾಯ್ತಿಯದ್ದಲ್ಲ ನಿಜ, ಕೆಪಿಸಿಯ ಒಪ್ಪಿಗೆ ಬೇಕೇ ಬೇಕು. ಆದ್ರೆ 2021ರ ಒಳನಾಡು ಹಡಗುಗಳ ಕಾಯ್ದೆ ಎಂಜಿನ್ ಇಲ್ಲದ ದೋಣಿಗಳ ನೋಂದಣಿ ಕೆಲಸವನ್ನ ಸ್ಥಳೀಯ ಸಂಸ್ಥೆಗಳಿಗೆ ಕೊಡೋಕೆ ದಾರಿ ಇಟ್ಟಿದೆ. ಹಾಗಾಗಿ ಊರಿನ ಠರಾವು ಒಂದು ಕೈಯಲ್ಲಿದ್ರೆ ಕೆಪಿಸಿ ಹತ್ರ, ತಹಶೀಲ್ದಾರ್ ಹತ್ರ ಮಾತಾಡೋಕೆ ಬಾಯಿ ಬರುತ್ತೆ. ಠರಾವೇ ಇಲ್ಲದಿದ್ರೆ ಮೊದಲು ಕಂಬ ನೆಟ್ಟವರದ್ದೇ ಕಾನೂನು ಆಗುತ್ತೆ.

ಅವರು ಸಭೆಗೆ ನಕ್ಷೆ ಹಿಡಿದು ಬರ್ತಾರೆ. ನಾವು ಬರೀ ಸಿಟ್ಟು ಹಿಡಿದು ಹೋದ್ರೆ ಪ್ರಯೋಜನ ಇಲ್ಲ. ದೋಣಿ ಇರೋ ಪ್ರತಿ ಮನೆಯವರೂ, ಹೆಣ್ಣುಮಕ್ಕಳೂ ಸೇರಿ ಬನ್ನಿ. ಯಾವ ತಿಂಗಳು ಎಲ್ಲಿ ಹತ್ತಿ ಇಳೀತೀರಿ, ಏನೇನು ಸಾಗಿಸ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದು ತನ್ನಿ. 40 ಅಡಿ ಸಾಲದು, ಹೊತ್ತು ಬದಲಾಗಬೇಕು ಅನ್ನೋರು ಕೆಳಗೆ ಬರೀರಿ, ಸಭೆಗೆ ಮೊದಲು ತಿದ್ದೋಣ.