ಜೇನುಪೆಟ್ಟಿಗೆಗೆ ಲೈಸೆನ್ಸ್ ಬೇಕೆ?

ತೆಂಗಿನ ತೋಟದಲ್ಲಿ ನಾಲ್ಕು ತುಡುವೆ ಪೆಟ್ಟಿಗೆ ಇಡೋಣ ಎಂದುಕೊಂಡ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರನ್ನು ಮೊದಲು ಕಾಡುವುದು ಕಾಗದಪತ್ರದ ಅಂಜಿಕೆ. ಸ್ವಂತ ತೋಟದಲ್ಲಿ ಜೇನು ಸಾಕಲು ಲೈಸೆನ್ಸ್ ಬೇಕಿಲ್ಲ. ನೋಂದಣಿ ಉಂಟು, ಕಡ್ಡಾಯವಲ್ಲ. ಆದರೂ ಮಾಡಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾಷ್ಟ್ರೀಯ ಜೇನು ಮಂಡಳಿ ಇದಕ್ಕಾಗಿ 2021ರ ಏಪ್ರಿಲ್‌ನಲ್ಲಿ ‘ಮಧುಕ್ರಾಂತಿ’ ಪೋರ್ಟಲ್ ತೆರೆಯಿತು. ಮಾರುಕಟ್ಟೆಯಲ್ಲಿರುವ ಜೇನು ಎಲ್ಲಿಂದ ಬಂತೆಂದು ಪತ್ತೆಹಚ್ಚಿ ಕಲಬೆರಕೆ ತಡೆಯುವುದು ಅದರ ಮುಖ್ಯ ಉದ್ದೇಶ. ಪೆಟ್ಟಿಗೆಯ ಸಹಾಯಧನದ ಅರ್ಜಿಯೇ ಬೇರೆ. ಅದನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬೇಕು. ತುಪ್ಪವನ್ನು ಬಾಟಲಿಗೆ ತುಂಬಿ, ಲೇಬಲ್ ಹಚ್ಚಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ಬರೆಸಬೇಕು. ಮದಲಿಂಗನ ಕಣಿವೆಯಂಥ ಕಡೆ ಕಾಡಿನಲ್ಲಿ ಕಟ್ಟಿದ ಹೆಜ್ಜೇನು ಮಾತ್ರ ಅರಣ್ಯ ಉತ್ಪನ್ನ. ಅಪ್ಪಣೆಯಿಲ್ಲದೆ ಅದಕ್ಕೆ ಕೈಹಾಕುವಂತಿಲ್ಲ.

ಕಡ್ಡಾಯವಿಲ್ಲದ ಮೇಲೆ ನೋಂದಣಿ ಏಕೆ? 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿತು. ರೋಗ ತಗುಲಿದ ಮರಿಹುಳು ಕೋಶದೊಳಗೇ ಸತ್ತು, ನೀರು ತುಂಬಿದ ಚೀಲದಂತಾಗುತ್ತದೆ. ಚಿಮುಟದಲ್ಲಿ ಎತ್ತಿದರೆ ಇಡಿಯಾಗಿ ಬರುತ್ತದೆ. ವೈರಸ್ಸಿಗೆ ಮದ್ದಿಲ್ಲ. ಒಂದು ತೋಟದಲ್ಲಿ ಕಂಡದ್ದು ಸುತ್ತಲಿನ ಸಾಕಣೆದಾರರಿಗೆ ತಿಳಿಯಬೇಕಾದರೆ, ಪೆಟ್ಟಿಗೆಗಳು ಎಲ್ಲೆಲ್ಲಿವೆ ಎಂಬ ಪಟ್ಟಿ ಇರಬೇಕು. ನ್ಯೂಜಿಲೆಂಡಿನಲ್ಲಿ ಫೌಲ್‌ಬ್ರೂಡ್ ರೋಗದ ಭಯಕ್ಕೇ ಪೆಟ್ಟಿಗೆ ಇಡುವ ಪ್ರತಿ ಜಾಗದ ನೋಂದಣಿಯನ್ನು ಕಡ್ಡಾಯ ಮಾಡಿದ್ದಾರೆ.

ತೆಂಗಿನ ಸೀಮೆಗೆ ಈ ಮಾತು ಇನ್ನೂ ಹತ್ತಿರದ್ದು. ನಮ್ಮ ಎತ್ತರದ ತಳಿಯ ಹೊಂಬಾಳೆ ಒಡೆದಾಗ ಮೊದಲು ಗಂಡು ಹೂ ಅರಳಿ ಉದುರುತ್ತವೆ. ಹೆಣ್ಣು ಹೂವಿಗೆ ಕಾಲ ಕೂಡುವುದು ಸಾಮಾನ್ಯವಾಗಿ ಆಮೇಲೆ. ಆಗ ಪರಾಗ ಬೇರೆ ಮರದಿಂದ ಬರಬೇಕು. ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಹರಳು ಉದುರಲು ನೀರು, ಗೊಬ್ಬರ, ನುಸಿ ಹೀಗೆ ಕಾರಣ ಹಲವು. ಪರಾಗ ಸಿಗದಿರುವುದೂ ಅವುಗಳಲ್ಲೊಂದು. ನಿಮ್ಮ ಪೆಟ್ಟಿಗೆಯ ಹುಳು ಬೇಲಿ ನೋಡುವುದಿಲ್ಲ. ಅದರ ಲಾಭ ಪಕ್ಕದ ತೋಟಕ್ಕೂ ಸಲ್ಲುತ್ತದೆ.

ಪಕ್ಕದವರು ತರಕಾರಿಗೋ ದಾಳಿಂಬೆಗೋ ಹೊಡೆಯುವ ಔಷಧಿ ನಿಮ್ಮ ಹುಳುವನ್ನು ಕೊಲ್ಲುವುದೂ ಹೀಗೆಯೇ. ದೆಹಲಿಯ ಪೋರ್ಟಲ್ ಇದನ್ನು ತಡೆಯಲಾರದು. ಆದ್ದರಿಂದ ಗ್ರಾಮ ಪಂಚಾಯಿತಿಗಳೂ ಪೆಟ್ಟಿಗೆ ಇಟ್ಟವರ ಹೆಸರು, ಫೋನ್ ನಂಬರು ಬರೆದ ಒಂದು ಪುಸ್ತಕ ಇಡಲಿ. ಔಷಧಿ ಹೊಡೆಯುವವರು ಹಿಂದಿನ ದಿನವೇ ಫೋನ್ ಮಾಡಿದರೆ, ಹುಳು ಗೂಡು ಸೇರಿದ ಮೇಲೆ ಗಾಳಿಯಾಡುವಂತೆ ಬಾಗಿಲು ಮುಚ್ಚಿಡಬಹುದು. ಸಾಕುವವರೂ ಪೆಟ್ಟಿಗೆಯನ್ನು ದಾರಿ, ಶಾಲೆ, ದನದ ಕೊಟ್ಟಿಗೆಗಳಿಂದ ದೂರವೇ ಇಡಬೇಕು. ಅಪಾಯವಾಗದಂತೆ ನೋಡಿಕೊಳ್ಳುವ ಹೊಣೆ ಸಾಕಿದವರದೇ. ಸಾಕುವುದು ಗೊತ್ತಿಲ್ಲದವರು ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದು, ಒಂದೆರಡು ಪೆಟ್ಟಿಗೆಯಿಂದ ಶುರುಮಾಡಲಿ.